ಕಾಕಾನ ಕಂಪ್ಯೂಟರಿಗೆ ಎಸ್‌ಎಂಪಿಎಸ್ ಹುಡುಕಿದ್ದು

ಖಂಡೇನವಮಿಯ ದಿನ ಮುಂಜಾನೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ಶಲವಡಿಯ ನಮ್ಮ ಮನೆಯಲ್ಲಿ, ಕಾಕಾನ ಕಂಪ್ಯೂಟರು ಢಬ್ಬೆಂದು ಸುಟ್ಟುಹೋಯಿತು. ನಿಮಿಷದ ಸಮೇತ ಹೇಳುತ್ತಿದ್ದೇನೆ, ಯಾಕೆಂದರೆ ಆ ನಿಮಿಷವನ್ನು ಆರಿಸಿದ್ದು ಸ್ವತಃ ಕಾಕಾ. ಎರಡು ದಿನ ಪಂಚಾಂಗ ಹಿಡಿದು ಕುಳಿತು, ರಾಹುಕಾಲ ತಪ್ಪಿಸಿ, ಆಯುಧಪೂಜೆಗೆ ಇದಕ್ಕಿಂತ ಶುಭವಾದ ಗಳಿಗೆ ಇಲ್ಲವೆಂದು ಮನೆಮಂದಿಗೆಲ್ಲ ಸಾರಿದ್ದ. ಮಾನಿಟರಿನ ಗಾಜಿಗೆ ಮೂರು ಬೆರಳಿನ ವಿಭೂತಿ, ಪ್ರಿಂಟರಿಗೆ ಚೆಂಡುಹೂವಿನ ಮಾಲೆ, ಕೀಬೋರ್ಡಿನ ಮೇಲೆ ಎರಡು ಬಾಳೆಹಣ್ಣು. ಕಾಕಾ ಒಂದು ಕೈಯಲ್ಲಿ ಆರತಿ ಹಿಡಿದು ಇನ್ನೊಂದು ಕೈಯಿಂದ ಸ್ವಿಚ್ಚು ಒತ್ತಿದ. ಢಬ್. ಹಿಂದಿನ ಜಾಲರಿಯಿಂದ ಬಿಳಿ ಹೊಗೆ ಎದ್ದಿತು. ಅಡುಗೆಮನೆಯಲ್ಲಿದ್ದ ಅವ್ವ ಅದನ್ನು ತೆಂಗಿನಕಾಯಿ ಒಡೆದ ಸಪ್ಪಳವೆಂದು ತಿಳಿದು ಅಲ್ಲಿಂದಲೇ ಕೈ ಮುಗಿದಳು.

ನಾನು ನಕ್ಕೆ. ಆ ಹೊತ್ತಿನಲ್ಲಿ ನಗದೆ ಇರುವುದು ನನ್ನಿಂದ ಸಾಧ್ಯವಿರಲಿಲ್ಲ.

"ನಗಬ್ಯಾಡ," ಎಂದ ಕಾಕಾ, ಆರತಿ ಕೆಳಗಿಡದೆ. "ಶನಿ ನೋಡ್ಯಾನ."

"ಎಲ್ಲಿಂದ ನೋಡಿದ ಕಾಕಾ? ಕಿಡಕಿ ನೀನಽ ಹಾಕಿದ್ದೆಲ್ಲ?"

ಆದರೆ ಬಾಗಿಲ ಬಳಿ ನಿಂತಿದ್ದ ಅಕ್ಕನ ಮುಖ ನೋಡಿ ನನ್ನ ನಗು ತಾನಾಗಿಯೇ ನಿಂತಿತು. ಸುಟ್ಟದ್ದು ತನ್ನದೇ ಏನೋ ಎಂಬಂತೆ ಆಕೆ ಬಿಳಿಚಿಕೊಂಡಿದ್ದಳು. ಅದು ಯಾಕೆಂದು ಹೇಳುವ ಮೊದಲು ಈ ಕಂಪ್ಯೂಟರಿನ ಮಹಿಮೆ ಹೇಳಬೇಕು.

ಕಾಕಾ ತಾಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವನು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ, ಯಾರೋ ಮಾರಿದ ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದ. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಎಂಬುದೇ ಇಲ್ಲ. ಅದರೊಳಗೆ ಜಾತಕ ಬರೆಯುವ, ಗಂಡು-ಹೆಣ್ಣಿನ ಗುಣ ಕೂಡಿಸುವ ಒಂದು ಪ್ರೋಗ್ರಾಮು. ಹುಟ್ಟಿದ ದಿನ, ಹೊತ್ತು, ಊರು ಹೊಡೆದರೆ, ಎರಡೂ ಅಂಚಿಗೆ ತೂತುಗಳಿರುವ ಕಾಗದ ಕಿರ್‍ರೆಂದು ಕಿರುಚುತ್ತ ಹೊರಬೀಳುತ್ತದೆ. ಮೂವತ್ತಾರು ಗುಣಕ್ಕೆ ಎಷ್ಟು ಕೂಡಿದವೆಂದು ತಳದಲ್ಲಿ ಅಚ್ಚಾಗಿರುತ್ತದೆ. ನವಲಗುಂದದಿಂದ ಕುಂದಗೋಳದವರೆಗೆ ಇದಕ್ಕೆ 'ಶಲವಡಿ ಡಬ್ಬಿ ಕಾಗದ' ಎಂದು ಹೆಸರು. ಪಂಚಾಂಗ ನೋಡಿ ಹೇಳುವ ಅಯ್ಯನವರು ತಪ್ಪಬಹುದು, ಡಬ್ಬಿ ತಪ್ಪುವುದಿಲ್ಲ. ಡಬ್ಬಿಗೆ ಬೀಗರಿಲ್ಲ, ಬಳಗವಿಲ್ಲ, ಯಾರ ಮುಲಾಜೂ ಇಲ್ಲ. ಹೀಗೆಂದು ಎಲ್ಲರೂ ನಂಬಿದ್ದರು.

ಅದೇ ಗುಣ ಕೂಡಿಸುವ ಕೆಲಸವನ್ನು ಈಗ ಮೊಬೈಲು ಪುಕ್ಕಟೆ ಮಾಡುತ್ತದೆ ಎಂದು ನಾನು ಎಷ್ಟೋ ಮಂದಿಗೆ ತೋರಿಸಿದ್ದೇನೆ. ಒಬ್ಬ ಗೌಡರು ನನ್ನ ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಾಗ ನನ್ನ ಮಗಾ ದಿನಾ ಹೊತ್ತು ಮುಳುಗೂತನಾ ಇರ್ತಾನವಾ. ಅವ ಇರೂ ಜಾಗಾದಾಗ ಖರೇ ಏನಿರತೈತಿ?" ಎಂದು ಮರಳಿಸಿದರು.

ನಾನು ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. 'ಜ್ಯೋತಿಷ್ಯ ವಿಜ್ಞಾನವಲ್ಲ' ಎಂಬ ವಿಷಯದ ಪರವಾಗಿ ಮಾತಾಡಿ ಕಾಲೇಜಿನಲ್ಲಿ ಮೊದಲ ಬಹುಮಾನ ಹೊಡೆದಾಗ ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕಾಕಾ. ಹೊರಗೆ ಬಂದ ಮೇಲೆ ಬೆನ್ನು ತಟ್ಟಿ, "ನಿನ್ನ ಜಾತಕದಾಗ ಬುಧ ಅಗದಿ ಗಟ್ಟಿ ಕುಂತಾನ. ಅದಕ್ಕಽ ಇಷ್ಟ ಚಲೋ ಮಾತಾಡ್ತಿ," ಎಂದ. ನಾನು ಓದಿ, ಬರೆದು, ಗಂಟಲು ಹರಿದುಕೊಂಡು ಗೆದ್ದ ಬಹುಮಾನ ಬುಧನ ಪಾಲಾಯಿತು. ಇಂಥ ಎದುರಾಳಿಯ ಜೊತೆ ಒಂದೇ ಮನೆಯಲ್ಲಿ ಇಪ್ಪತ್ತಮೂರು ವರ್ಷ ಉಂಡು ಮಲಗಿದ್ದೇನೆ.

ಈಗ ಅಕ್ಕನ ಮಾತು. ಅಕ್ಕ ಸಂಶಿಯ ಒಂದು ಶಾಲೆಯಲ್ಲಿ ಟೀಚರು. ಅದೇ ಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರನನ್ನು ಲಗ್ನವಾಗಬೇಕೆಂದು ಆಕೆಗೆ ಎರಡು ವರ್ಷದಿಂದ ಮನಸ್ಸು. ಅವನಿಗೂ ಅದೇ ಮನಸ್ಸು. ಎರಡೂ ಮನೆಯವರು ಒಪ್ಪಿದ್ದರು. ಒಪ್ಪದವಳು ಹುಡುಗನ ಅಜ್ಜಿ ಒಬ್ಬಳೇ, ಮತ್ತು ಆ ಮನೆಯಲ್ಲಿ ಉಳಿದವರ ಒಪ್ಪಿಗೆಗೆ ಅಷ್ಟು ಬೆಲೆ ಇರಲಿಲ್ಲ. ಆಕೆ ಹುಡುಗಿ ಬೇಡ ಎಂದಿರಲಿಲ್ಲ. "ನನ್ನ ಮೂರೂ ಮಕ್ಕಳ ಲಗ್ನಾ ಡಬ್ಬಿ ಕಾಗದಾ ನೋಡಿ ಆಗ್ಯಾವು. ಇವಂದೂ ಹಂಗಽ ಆಗಬೇಕು. ಧನುರ್ಮಾಸ ಹತ್ತೂದ್ರಾಗ ಕಾಗದಾ ತರ್‍ರಿ. ಇಲ್ಲಾಂದ್ರ ಸಂಕ್ರಾಂತಿ ಆದಮ್ಯಾಲ ಕುಂದಗೋಳದ ಹುಡುಗೀನ ನೋಡಾಕ ಹೊಕ್ಕೇವಿ," ಎಂದು ಹೇಳಿ ಕಳಿಸಿದ್ದಳು. ಖಂಡೇನವಮಿಯ ಪೂಜೆ ಮುಗಿದ ಕೂಡಲೇ ಮೊದಲು ಅಕ್ಕನ ಕಾಗದ ತೆಗೆಯುವುದೆಂದು ಕಾಕಾ ಮಾತು ಕೊಟ್ಟಿದ್ದ. ಕೊಡುವ ಮುಹೂರ್ತಕ್ಕೆ ಡಬ್ಬಿ ಹೊಗೆ ಕೊಟ್ಟಿತು.

ನಾನು ಅಕ್ಕನಿಗೆ ಸುಲಭದ ದಾರಿ ತೋರಿಸಿದೆ. ನಮ್ಮ ಕಾಲೇಜಿನ ಆಫೀಸಿನಲ್ಲಿ ಅಂಥದೇ ಪ್ರಿಂಟರು ಇನ್ನೂ ಜೀವಂತವಿದೆ. ಕಾಕಾನ ಹಳೆಯ ಕಾಗದವೊಂದನ್ನು ನೋಡಿಕೊಂಡು, ಅಂಥದೇ ಅಕ್ಷರದಲ್ಲಿ, ಬೇಕಾದಷ್ಟು ಗುಣ ಕೂಡಿಸಿ ಒಂದು ತಾಸಿನಲ್ಲಿ ತೆಗೆದುಕೊಡುತ್ತೇನೆ ಎಂದೆ.

"ಡಬ್ಬಿ ಬರಿಯೂದೂ ಸುಳ್ಳು, ನಾ ಬರಿಯೂದೂ ಸುಳ್ಳು. ಎರಡು ಸುಳ್ಳಿನಾಗ ಲಗೂ ಸಿಗೂದು ತಗೋಬೇಕಽಕ್ಕಾ."

ಅಕ್ಕ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. "ಡಬ್ಬಿ ಸುಳ್ಳ ಹೇಳಿದ್ರ ಅದು ಡಬ್ಬೀದು. ನೀ ಬರದ್ರ ಅದು ನಂದು. ಮುಂದ ಕೂಸಿಗೆ ಒಂದು ಜ್ವರಾ ಬಂದ್ರೂ ನಂಗ ನಿನ್ನ ಕಾಗದಾನಽ ನೆಪ್ಪಾಗತೈತಿ. ಬ್ಯಾಡ."

ಉತ್ತರವಿಲ್ಲದಾಗ ವಿಷಯ ಬದಲಿಸಬೇಕೆಂದು ಚರ್ಚಾಸ್ಪರ್ಧೆಯವರಿಗೆ ಕಲಿಸುತ್ತಾರೆ. ನಾನು ಸ್ಕ್ರೂಡ್ರೈವರ್ ತಂದೆ.

ಸುಟ್ಟದ್ದು ಕಂಪ್ಯೂಟರಲ್ಲ, ಅದಕ್ಕೆ ಕರೆಂಟು ಹದಮಾಡಿ ಕೊಡುವ ತಗಡಿನ ಪೆಟ್ಟಿಗೆ. ಇದಕ್ಕೆ ಅಂಗಡಿಯವರೆಲ್ಲ ಎಸ್‌ಎಂಪಿಎಸ್ ಅನ್ನುತ್ತಾರೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಪೆಟ್ಟಿಗೆ ಇಡಿಯಾಗಿ ಕೈಗೆ ಬಂತು. ಹೊಸದೊಂದು ತಂದು ಕೂಡಿಸಿದರೆ ಆಯಿತು, ಎರಡು ದಿನದ ಕೆಲಸ ಎಂದು ಘೋಷಿಸಿದೆ. ನಾನು ಹೀಗೆ ಆಧಾರವಿಲ್ಲದೆ ಘೋಷಿಸುವವಳಲ್ಲ. ಅಂದು ಯಾಕೆ ಘೋಷಿಸಿದೆನೋ.

ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯವನು ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಇಡಲೂ ಬಿಡಲಿಲ್ಲ.

"ಮೇಡಂ, ಇದರ ಪ್ಲಗ್ ನೋಡ್ರಿ. ಆರು ವಾಯರಿಂದು ಒಂದು, ಆರು ವಾಯರಿಂದು ಇನ್ನೊಂದು. ಈಗಿನ್ವಕ್ಕೆಲ್ಲಾ ಒಂದಽ ಅಗಲ ಪ್ಲಗ್. ಇದು ಮಾಡೂದು ನಿಂತ ವರ್ಷಽ ನಾ ಸಾಲಿಗೆ ಹೋಗೂದೂ ನಿಂತಿತು."

"ಹಳೇ ಸ್ಟಾಕಿನಾಗ ಎಲ್ಲ್ಯರ ಇರಬೇಕಲ್ರಿ?"

"ಹೊಸಾ ಕಂಪ್ಯೂಟರಽ ಒಯ್ರಲಾ. ಏನು ಕೆಲಸಾ ಮಾಡ್ತೀರಿ ಇದರ ಮ್ಯಾಲ?"

ಜಾತಕ ತೆಗೆಯುತ್ತೇವೆ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. "ಸಂಶೋಧನೆ," ಎಂದೆ.

ಇನ್ನೆರಡು ಅಂಗಡಿಗಳಲ್ಲೂ ಇದೇ ಕತೆ. ಮೂರನೆಯವನು ತನ್ನ ಗಿರಾಕಿಗಳನ್ನು ಕರೆದು ಪೆಟ್ಟಿಗೆ ತೋರಿಸಿದ. ಒಬ್ಬ ಅದರ ಫೋಟೋ ತೆಗೆದುಕೊಂಡ. ಹೊಸ ಪ್ಲಗ್ಗನ್ನು ಹಳೆಯದಕ್ಕೆ ಜೋಡಿಸುವ ವಾಯರು ಆನ್‌ಲೈನಿನಲ್ಲಿ ಸಿಗುತ್ತದೆಂದು ಓದಿ ಅದನ್ನೂ ತರಿಸಿದೆ. ಡೆಲಿವರಿಯವನು ಅಣ್ಣಿಗೇರಿಯಲ್ಲೇ ನಿಂತು, "ನಿಮ್ಮೂರಿಗೆ ಬರೂದು ನಮಗ ದೂರ ಆಕ್ಕೈತ್ರಿ, ನೀವಽ ಬರ್‍ರಿ," ಎಂದ. ನನಗೆ ದೂರವಾಗುವುದಿಲ್ಲವೇ ಎಂದು ಫೋನಿನಲ್ಲಿ ಕಾಲು ತಾಸು ವಾದಿಸಿ, ಗೆದ್ದು, ಆಮೇಲೆ ನಾನೇ ಹೋಗಿ ತಂದೆ. ಬಿಚ್ಚಿದರೆ ಬೇರೆ ಯಾವುದಕ್ಕೋ ಹಾಕುವ ವಾಯರು. ದೀಪಾವಳಿ ಮುಗಿಯಿತು. ಕಾಕಾ ಶನಿವಾರಕ್ಕೊಮ್ಮೆ ಹನುಮಪ್ಪನಿಗೆ ಎಣ್ಣೆ ಎರೆಯಲು ಶುರುಮಾಡಿದ. "ನೀ ಮ್ಯಾಲಿಂದ ನೋಡು, ನಾ ಕೆಳಗಿಂದ ನೋಡ್ತೇನಿ" ಎಂಬ ಒಪ್ಪಂದ ನಮ್ಮಿಬ್ಬರಲ್ಲಿ ತಾನಾಗಿಯೇ ಆಗಿತ್ತು.

ಅಣ್ಣಿಗೇರಿಯಲ್ಲಿ ಒಂದು ಗುಜರಿ ಅಂಗಡಿ ಇದೆ. ಮುಚ್ಚಿಹೋದ ಯಾವುದೋ ಕಂಪ್ಯೂಟರ್ ಕ್ಲಾಸಿನ ಸಾಮಾನೆಲ್ಲ ಅಲ್ಲಿಗೆ ಬಂದು ಬಿದ್ದಿದೆಯೆಂದು ಕೇಳಿ ಹೋದೆ. ಮಾಲಕ ತಕ್ಕಡಿಯ ಬಾಜು ಪೇಪರು ಓದುತ್ತ ಕುಳಿತಿದ್ದ. ಹಿಂದಿನ ಶೆಡ್ಡಿನಲ್ಲಿ, ಕಬ್ಬಿಣದ ಮಂಚಗಳ ಕೆಳಗೆ, ಎಸ್‌ಎಂಪಿಎಸ್ ಪೆಟ್ಟಿಗೆಗಳ ಗುಡ್ಡೆಯೇ ಇತ್ತು. ಒಂದೊಂದನ್ನೇ ಎತ್ತಿ ಪ್ಲಗ್ ನೋಡಿದೆ. ಎಲ್ಲವೂ ಅಗಲ ಪ್ಲಗ್ಗಿನವು. ಹನ್ನೊಂದು ಪೆಟ್ಟಿಗೆ ಎತ್ತಿ ಹನ್ನೊಂದನ್ನೂ ಬೀಸಾಡಿದೆ.

"ಏನ್ರಿ ತಂಗೀ, ಬದನಿಕಾಯಿ ಆರಿಸಿದಂಗ ಆರಿಸಾಕತ್ತೀರಿ," ಎಂದ ಮಾಲಕ. "ಎಲ್ಲಾ ಒಂದಽ ಜಾತಿ ಅದಾವು."

"ಜಾತಿ ಒಂದಽ ಅಲ್ರಿ. ಪ್ಲಗ್ ಬ್ಯಾರೆ ಐತಿ."

"ಪ್ಲಗ್ ಹಿಡದು ಲಗ್ನಾ ಮಾಡವರಿದ್ದೀರೇನು? ಕಲಘಟಗಿಗೆ ಹೋಗ್ರಿ. ಅಲ್ಲೊಬ್ಬ ಝಟಕಾ ಮಶೀನ್ ರಿಪೇರಿಯವ ಅದಾನ. ಅವಗ ತೋರಸ್ರಿ. ಅವಗ ಬರಲಿಲ್ಲಾಂದ್ರ ಮಶೀನ್ ಇಲ್ಲೇ ತಂದು ಹಾಕ್ರಿ, ತೂಗೂಣು."

ಝಟಕಾ ಮಶೀನು ಎಂದರೆ ಹೊಲದ ಬೇಲಿಗೆ ಕರೆಂಟಿನ ಪೆಟ್ಟು ಕೊಡುವ ಯಂತ್ರ. ಕಲಘಟಗಿಯ ಕಡೆ ಕಾಡು ಹತ್ತಿರ, ಹಂದಿಗಳ ಕಾಟ. ಭತ್ತ ಕಬ್ಬು ಹಾಕಿದವರ ಬಳಿ ಒಂದೊಂದು ಇರುತ್ತದೆ. ಎರಡು ಬಸ್ಸು ಬದಲಿಸಿ ಹೋದೆ. ಮೊಣಕಾಲ ಮೇಲೆ ಸುಟ್ಟ ವಾಸನೆಯ ಪೆಟ್ಟಿಗೆ ಇಟ್ಟುಕೊಂಡು ಕುಳಿತವಳನ್ನು ನೋಡಿ ಕಂಡಕ್ಟರು, "ಅಡಗಿ ಹೊತ್ತಸೀರೇನ್ರಿ ಅಕ್ಕಾರ?" ಎಂದ.

ರಿಪೇರಿಯವರು ಅರವತ್ತು ದಾಟಿದ ಮುಸ್ಲಿಂ ಚಾಚಾ. ಅಂಗಡಿಯ ತುಂಬ ಝಟಕಾ ಮಶೀನುಗಳು, ಔಷಧಿ ಹೊಡೆಯುವ ಬ್ಯಾಟರಿ ಪಂಪುಗಳು, ಮುಖ ಗೋಡೆಗೆ ತಿರುಗಿಸಿಟ್ಟ ಟಿವಿಗಳು. ನಾನು ಮಾತು ಶುರುಮಾಡುವ ಮೊದಲೇ ಪೆಟ್ಟಿಗೆ ಕಿತ್ತುಕೊಂಡು ಮುಚ್ಚಳ ತೆಗೆದರು. ಒಳಗೆ ಹೆಬ್ಬೆರಳಿಗಿಂತ ದಪ್ಪನೆಯ, ಕರೆಂಟು ಹಿಡಿದಿಡುವ ಎರಡು ಕಂಡೆನ್ಸರುಗಳು ನೆತ್ತಿ ಸೀಳಿಕೊಂಡು, ಕಾಗದದ ಕರುಳು ಹೊರಚೆಲ್ಲಿ ನಿಂತಿದ್ದವು.

"ಎಷ್ಟು ದಿನಾ ಆತು?"

"ಒಂದೂವರಿ ತಿಂಗಳ್ರಿ. ಇಂಥಾ ಪ್ಲಗ್ ಇರೂ ಪೆಟಗಿ ಹುಡುಕಿ ಹುಡುಕಿ ಸಾಕಾತು. ಹುಬ್ಬಳ್ಳ್ಯಾಗ ಇಲ್ಲ, ಆನ್‌ಲೈನಿನಾಗ ಇಲ್ಲ, ಅಣ್ಣಿಗೇರಿ ಗುಜರ್‍ಯಾಗ ಹನ್ನೊಂದು ನೋಡಿದೆ, ಒಂದೂ ಬರಲಿಲ್ಲ."

ಚಾಚಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನು ಓದೀರಿ ಬೇಟಾ?"

"ಎಂ.ಎ."

"ಅದಕ್ಕಽ. ಪ್ಲಗ್ ಸುಟ್ಟೈತೇನು? ಪ್ಲಗ್ ಅಗದಿ ಚಂದ ಐತಿ. ಸುಟ್ಟಿದ್ದು ಇವೆರಡು. ಇವು ಆ ಹನ್ನೊಂದರಾಗೂ ಇರ್ತಾವು. ಹೊಟ್ಟಿ ಬ್ಯಾನಿ ಆದಾವಗ ಟೊಪಗಿ ಹುಡುಕಾಕ ಹೋಗೀರಿ ನೀವು."

ಒಂದೂವರೆ ತಿಂಗಳು ನಾನು ಮಾಡಿದ್ದು ಅದೇ. ಯಾವ ಅಂಗಡಿಯಲ್ಲೂ ಮುಚ್ಚಳ ತೆಗೆದು ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಹೊಳೆಯದಷ್ಟು ಹೊತ್ತು ಮಾತಾಡಿದ್ದೆ.

ಚಾಚಾ ಪೆಟ್ಟಿಗೆಯನ್ನು ತಿರುಗಿಸಿದರು. ಹಿಂಭಾಗದಲ್ಲಿ ಉಗುರಿನಷ್ಟು ಅಗಲದ ಒಂದು ಕೆಂಪು ಗುಂಡಿ ಇತ್ತು. ಅದರ ಮೇಲೆ ೧೧೫ ಎಂಬ ಅಂಕಿ ಕಾಣುತ್ತಿತ್ತು.

"ಇಲ್ಲೆ ಎರಡು ನೂರಾ ಮೂವತ್ತು ಅಂತ ಕಾಣಬೇಕು. ಇದನ್ನ ಯಾರು ಸರಸೀರಿ? ಹಿಂಗ ಇಟ್ಟು ನಮ್ಮ ಕರೆಂಟ್ ಕೊಟ್ರ ಒಳಗ ಇಮ್ಮಡಿ ಆಗಿ ನುಗ್ಗತೈತಿ. ಢಬ್."

"ಯಾರೂ ಮುಟ್ಟಿಲ್ರಿ. ನಮ್ಮ ಕಾಕಾ ಶನಿ ಅಂತಾನ."

"ಇದು ತಾನಾಗಿ ಸರಿಯೂದಿಲ್ಲ. ಚೂಪಂದು ಹಾಕಿ ದಬ್ಬಬೇಕು. ಇಲ್ನೋಡ್ರಿ, ಗೀರು. ಸುತ್ತೂಕಡೆ ಕುಂಕುಮ. ಇದು ಹೇರ್‌ಪಿನ್ನಿನ ಗೀರು." ಚಾಚಾ ನಿಧಾನವಾಗಿ ತಲೆ ಎತ್ತಿ ನನ್ನ ಕೂದಲು ನೋಡಿದರು. "ನಿಮ್ಮ ಶನಿ ಹೇರ್‌ಪಿನ್ ಹಾಕ್ಕೋತಾನೇನು?"

ಖಂಡೇನವಮಿಯ ಮುಂಜಾನೆ ಅವ್ವ ನನ್ನ ಕೈಗೆ ಹಸಿ ಬಟ್ಟೆ ಕೊಟ್ಟು ಡಬ್ಬಿ ಒರೆಸು ಎಂದಿದ್ದಳು. ವರ್ಷ ವರ್ಷ ಬಳಿದ ಕುಂಕುಮ ಹಿಂದಿನ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಯಂತ್ರಕ್ಕೆ ಕುಂಕುಮ ಬಳಿಯುವ ಮೌಢ್ಯದ ಮೇಲೆ ಸಿಟ್ಟು ಬಂದು, ತಲೆಯಿಂದ ಪಿನ್ನು ತೆಗೆದು, ಸಂದಿಸಂದಿಯನ್ನು ಕೆರೆದು ಸ್ವಚ್ಛ ಮಾಡಿದ್ದೆ. ಯಾರೂ ಕೇಳದೆ ಮಾಡಿದ ಕೆಲಸ. ಆ ಗುಂಡಿಯ ಸೀಳಿನಲ್ಲಿಯೂ ಪಿನ್ನು ಆಡಿಸಿದ್ದು ನೆನಪಿದೆ. ಅಲ್ಲಿಯೇ ಎಲ್ಲಕ್ಕಿಂತ ಹೆಚ್ಚು ಮೌಢ್ಯ ಸಿಕ್ಕಿಕೊಂಡಿತ್ತು.

ಹೀಗೆ ಕಾಕಾನ ಡಬ್ಬಿಯನ್ನೂ ಅಕ್ಕನ ಲಗ್ನವನ್ನೂ ಒಂದೇ ಹೇರ್‌ಪಿನ್ನಿನಿಂದ ಸುಟ್ಟವಳು ನಾನು. ಚಾಚಾ ಹೆಚ್ಚಿಗೆ ಏನೂ ಅನ್ನಲಿಲ್ಲ, ಅದೇ ಒಂದು ದೊಡ್ಡ ಉಪಕಾರ. ಹಳೆಯ ಪೆಟ್ಟಿಗೆಗಳನ್ನು ತರಬೇಕು, ಹಿಂದೆ ಇಂಥದೇ ಕೆಂಪು ಗುಂಡಿ ಇರುವವು ಮಾತ್ರ, ಕಡಿಮೆಯೆಂದರೆ ಮೂರು, ಎಂದರು.

"ಎರಡಽ ಕಂಡೆನ್ಸರ್ ಅಲ್ರಿ ಬೇಕಾಗಿದ್ದು? ಒಂದು ಪೆಟಗಿ ಸಾಕಲ್ಲ?"

"ಜೋಡಿ ಸಮಾ ಇರಬೇಕು. ಒಂದು ಗಟ್ಟಿ ಒಂದು ಸಣಕಲ ಆತಂದ್ರ ಹೊರಿ ಎಲ್ಲಾ ಒಂದರ ಮ್ಯಾಲಽ ಬೀಳತೈತಿ. ಮತ್ತ ಢಬ್."

"ಅಂದ್ರ ನೀವೂ ಗುಣ ಕೂಡಸವರಽ ಅನ್ರಿ."

"ಕೂಡಸ್ತೇನಿ. ಮೀಟರ್ ಹಚ್ಚಿ ಕೂಡಸ್ತೇನಿ. ನಿಮ್ಮ ಕಾಕಾನ ಹತ್ರ ಮೀಟರ್ ಐತೇನು?" ಇಷ್ಟು ಹೇಳಿ ಚಾಚಾ ನನಗೆ ಬೆನ್ನು ತಿರುಗಿಸಿ ಯಾರದೋ ಪಂಪು ಬಿಚ್ಚತೊಡಗಿದರು. ನಾಲ್ಕು ವರ್ಷ ವೇದಿಕೆಯ ಮೇಲೆ ನಾನು ಹೇಳಲು ಹೆಣಗಿದ್ದನ್ನು ಈ ಮನುಷ್ಯ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದು ನನಗೆ ಸ್ವಲ್ಪ ಉರಿಯಿತು.

ಮತ್ತೆ ಅಣ್ಣಿಗೇರಿ. ಗುಜರಿಯ ಮಾಲಕ ನನ್ನನ್ನು ದೂರದಿಂದಲೇ ಗುರುತಿಸಿ ಪೇಪರು ಮಡಚಿಟ್ಟ. "ಬರ್‍ರಿ ಬರ್‍ರಿ. ಬೀಸಾಡಿ ಹೋದ ವರಗೋಳು ಈಗ ಪಸಂದ ಬಂದ್ವೇನು?" ನಾನು ತಲೆ ತಗ್ಗಿಸಿ ಶೆಡ್ಡಿಗೆ ಹೋಗಿ ಕೆಂಪು ಗುಂಡಿಯವು ನಾಲ್ಕನ್ನು ಆರಿಸಿಕೊಂಡು ಬಂದೆ. ತೂಗುವಾಗ ಅವನು ಇನ್ನೊಂದೆರಡು ಮಾತು ಅಂದ. ಅವೂ ನ್ಯಾಯವಾದವೇ.

ಕಲಘಟಗಿಯಲ್ಲಿ ಚಾಚಾ ನಾಲ್ಕೂ ಪೆಟ್ಟಿಗೆ ಬಿಚ್ಚಿ, ಎಂಟು ಕಂಡೆನ್ಸರು ಕಿತ್ತು, ಒಂದೊಂದಕ್ಕೂ ಮೀಟರು ಹಚ್ಚಿ, ಮೂರನ್ನು ಉಬ್ಬಿವೆ ಎಂದು ಕಸದ ಡಬ್ಬಕ್ಕೆ ಎಸೆದು, ಉಳಿದ ಐದರಲ್ಲಿ ಒಂದು ಜೋಡಿ ಆರಿಸಿದರು. ಫ್ಯೂಸೂ ಅದರ ಪಕ್ಕದ ಇನ್ನೆರಡು ಸುಟ್ಟ ಭಾಗಗಳೂ ಬದಲಾದವು. ಅವೂ ಅದೇ ಪೆಟ್ಟಿಗೆಗಳ ಹೊಟ್ಟೆಯಿಂದಲೇ ಬಂದವು. ಕೆಂಪು ಗುಂಡಿಯನ್ನು ತನ್ನ ಜಾಗಕ್ಕೆ ಸರಿಸಿ, ಮತ್ತೆ ಸುಡದಿರಲೆಂದು ಬಲ್ಬೊಂದನ್ನು ನಡುವೆ ಜೋಡಿಸಿ ಕರೆಂಟು ಕೊಟ್ಟರು. ಬಲ್ಬು ಒಮ್ಮೆ ಕೆಂಪಗೆ ಕಣ್ಣು ಬಿಟ್ಟು ಆರಿತು, ಪೆಟ್ಟಿಗೆಯ ಪಂಖಾ ತಿರುಗಿತು. ಕೊನೆಗೆ ಕೆಂಪು ಗುಂಡಿಯ ಮೇಲೆ ಅಂಟು ಸುರಿದರು.

"ಇನ್ನ ಶನಿ ತಾನಽ ಬಂದ್ರೂ ಸರಿಯೂದಿಲ್ಲ. ಪ್ಲಗ್ ಹಾಕುವಾಗ ಎರಡರ ಕರಿ ವಾಯರೂ ನಡುವ ಒಂದರ ಬಾಜು ಒಂದು ಬರಬೇಕು. ಉಲ್ಟಾ ಹಾಕಿದ್ರ ಈ ಸಲ ಪೆಟಗಿ ಅಲ್ಲ, ಕಂಪ್ಯೂಟರಽ ಹೊಕ್ಕೈತಿ. ಬ್ಯಾರೇದವರ ಕಡೆ ಹಾಕಸ್ರಿ, ನೀವು ಮುಟ್ಟಬ್ಯಾಡ್ರಿ."

ನಾನೇ ಹಾಕಿದೆ. ಧನುರ್ಮಾಸಕ್ಕೆ ಇನ್ನು ಮೂರು ದಿನ ಉಳಿದಿದ್ದವು. ಸ್ವಿಚ್ಚು ಒತ್ತುವ ಮೊದಲು ಕಾಕಾನಿಗೆ ಹೇರ್‌ಪಿನ್ನಿನ ಸಂಗತಿ ಹೇಳಿಬಿಟ್ಟೆ. ಇಷ್ಟು ದಿನ ಹನುಮಪ್ಪನಿಗೆ ಎರೆದ ಎಣ್ಣೆ ವ್ಯರ್ಥವೆಂದೂ, ಕಾರಣ ಗ್ರಹವಲ್ಲ, ನಾನು ಎಂದೂ, ಸಾಕ್ಷಿ ಸಮೇತ ವಿವರಿಸಿದೆ. ಕಾಕಾ ಸಿಟ್ಟಾಗಲಿಲ್ಲ. ಬಹಳ ಸಮಾಧಾನದಿಂದ ಕೇಳಿಸಿಕೊಂಡು, "ಆ ಹೊತ್ತಿನಾಗ ಪಿನ್ನು ತಗೀಬೇಕಂತ ನಿನ್ನ ತಲ್ಯಾಗ ಹಾಕಿದಾಂವ ಯಾರು? ಅವನಽ," ಎಂದ.

ಇದಕ್ಕೆ ಏನು ಹೇಳುತ್ತೀರಿ? ನಾನು ಸ್ವಿಚ್ಚು ಒತ್ತಿದೆ.

ಹಸಿರು ಅಕ್ಷರ ಮೂಡಿದವು. ಕಾಕಾ ಕಣ್ಣು ಒರೆಸಿಕೊಂಡ, ಅಕ್ಕ ಬಂದು ಹಿಂದೆ ನಿಂತಳು. ಕಾಕಾ ಇಬ್ಬರ ಹುಟ್ಟಿದ ದಿನ, ಹೊತ್ತು, ಊರು ಹೊಡೆದ. ಪ್ರಿಂಟರು ಕಿರುಚಿತು. ತಳದ ಸಾಲಿನಲ್ಲಿ ಬಂದದ್ದು ಹದಿನಾರೂವರೆ. ಹದಿನೆಂಟಕ್ಕಿಂತ ಕಡಿಮೆ ಬಂದರೆ ಲಗ್ನ ಕೂಡದು ಎಂಬುದು ಊರಿಗೆಲ್ಲ ಗೊತ್ತಿರುವ ನೇಮ.

ಆಮೇಲೆ ಕಾಕಾ, ತರಕಾರಿ ಹೆಚ್ಚುವವರಷ್ಟು ಸಹಜವಾಗಿ, ಮತ್ತೆ ಕೀಲಿಮಣೆಯ ಮೇಲೆ ಕೈ ಇಟ್ಟ. "ಹುಟ್ಟಿದ ಹೊತ್ತು ದವಾಖಾನಿ ಗಡಿಯಾರ ನೋಡಿ ಬರದದ್ದಲ್ಲ? ಆ ಗಡಿಯಾರ ಯಾವತ್ತರ ಬರೋಬ್ಬರಿ ಇತ್ತೇನು? ಒಂದು ನಾಕು ತಾಸು ಹಿಂದ ಇದ್ದಿರಬೇಕು." ಅಕ್ಕನ ಹುಟ್ಟನ್ನು ನಾಲ್ಕು ತಾಸು ಮುಂದೆ ತಳ್ಳಿದ. ಪ್ರಿಂಟರು ಮತ್ತೆ ಕಿರುಚಿತು. ಇಪ್ಪತ್ತೇಳು.

"ಕಾಕಾ," ಎಂದೆ, "ಯಾವಾಗಿನಿಂದ ಹಿಂಗ ಮಾಡಾಕತ್ತಿ?"

"ಯಾರದರ ಲಗ್ನಾ ನಾ ಮುರದಿದ್ದು ಕೇಳಿಯೇನು ನೀ?" ಎಂದ ಕಾಕಾ. ನಿಜ, ಕೇಳಿರಲಿಲ್ಲ. ಸುತ್ತಿನ ಹಳ್ಳಿಗಳ ಮುಲಾಜಿಲ್ಲದ ಡಬ್ಬಿಯ ಹಿಂದೆ ಇಷ್ಟು ವರ್ಷ ನಿಂತಿದ್ದು ಆಸ್ಪತ್ರೆಗಳ ಕೆಟ್ಟ ಗಡಿಯಾರಗಳು. ಕಾಕಾ ಎರಡನೆಯ ಕಾಗದ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಮೊದಲನೆಯದನ್ನು ಅಕ್ಕ ತನ್ನ ಬ್ಯಾಗಿಗೆ ಹಾಕಿಕೊಂಡಳು.

ಮರುದಿನ ಮೂವರೂ ಸಂಶಿಗೆ ಹೊರಟೆವು. ಬಸ್ಸಿನಲ್ಲಿ ನಾನು ಅಕ್ಕನ ಪಕ್ಕ ಕುಳಿತು, ಬ್ಯಾಗಿನಲ್ಲಿರುವುದನ್ನು ಹೊರಗೆ ತೆಗೆಯಬೇಡ, ಕಾಕಾನ ಕಾಗದವೇ ಸಾಕು ಎಂದು ದಾರಿಯುದ್ದಕ್ಕೂ ವಾದಿಸಿದೆ. ಲಗ್ನವಾಗುವುದು ಮುಖ್ಯ, ಅಂಕಿಯಲ್ಲ. ಎರಡೂ ಅಂಕಿ ಅಷ್ಟೇ ಪೊಳ್ಳು. ಅಜ್ಜಿಗೆ ಬೇಕಾದದ್ದು ಸಮಾಧಾನ. ಒಳ್ಳೆಯ ವಾದ, ಜ್ಯೋತಿಷ್ಯದ ಪರವಾಗಿ ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಮಾತಾಡಿರಲಿಲ್ಲ. ಅಕ್ಕ ಕಿಟಕಿಯ ಹೊರಗೆ ಕಡಲೆಯ ಹೊಲ ನೋಡುತ್ತ, "ಮುಗೀತೇನು?" ಎಂದಳು.

ಅಜ್ಜಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಗಣಿತದ ಮಾಸ್ತರ ತಾನೇ ಮಂಡಕ್ಕಿಯ ತಾಟುಗಳನ್ನು ತಂದಿಟ್ಟು ಕಂಬದ ಬಳಿ ನಿಂತ. ಕಾಕಾ ಜೇಬಿನಿಂದ ಕಾಗದ ತೆಗೆದು ಮುಂದಿಟ್ಟ. ಅಜ್ಜಿ ಅಂಚಿನ ತೂತುಗಳ ಮೇಲೆ ಬೆರಳಾಡಿಸಿದಳು.

"ಎಷ್ಟು ಬಂದಾವು?"

"ಇಪ್ಪತ್ತೇಳ್ರಿ," ಎಂದ ಕಾಕಾ.

ಅಜ್ಜಿಯ ಬೆರಳು ನಿಂತಿತು. "ದೊಡ್ಡಾವಂದು ಇಪ್ಪತ್ತೇಳು. ನಡಬರಕಿನಾವಂದು ಇಪ್ಪತ್ತೇಳು. ಸಣ್ಣಾವಂದೂ ಇಪ್ಪತ್ತೇಳು. ಈಗ ಮೊಮ್ಮಗಂದೂ ಇಪ್ಪತ್ತೇಳು. ಯಾಕಪಾ, ನಿನ್ನ ಡಬ್ಬಿಗೆ ಬ್ಯಾರೇ ಅಂಕಿ ಬರೂದಽ ಇಲ್ಲೇನು?"

ಕಾಕಾ ಮಂಡಕ್ಕಿಯ ಕಡೆ ನೋಡತೊಡಗಿದ. ಅಜ್ಜಿ ಕಾಗದವನ್ನು ಒಂದು ಬೆರಳಿನಿಂದ ದೂರ ತಳ್ಳಿದಳು. "ಹುಡುಗೀದೇನು ತಪ್ಪಿಲ್ಲ. ಆದ್ರ ನನಗ ಮನಸ್ಸು ಬರವಲ್ದು."

ಅಕ್ಕ ಬ್ಯಾಗು ತೆರೆದು ಇನ್ನೊಂದು ಕಾಗದ ತೆಗೆದಳು. ನಾನು ಆಕೆಯ ಸೆರಗು ಜಗ್ಗಿದೆ. ಆಕೆ ಕೈ ಕೊಡವಿಕೊಂಡು ಅದನ್ನು ಅಜ್ಜಿಯ ಮುಂದಿಟ್ಟಳು. "ಇದು ಮೊದಲ ಬಂದಿದ್ದು ರೀ, ಅಜ್ಜಿ. ನನ್ನ ಖರೇ ಹೊತ್ತಿಂದು."

ಮಾಸ್ತರ ಬಗ್ಗಿ ಓದಿದ. "ಹದಿನಾರೂವರಿ."

"ಹದಿನೆಂಟಕ್ಕ ಕಡಿಮಿ ಬಂದ್ರ ಬ್ಯಾಡಂತಾರ. ಗೊತ್ತೈತೇನು ನಿನಗ?" ಎಂದು ಅಜ್ಜಿ ಅಕ್ಕನನ್ನು ಕೇಳಿದಳು.

"ಗೊತ್ತೈತ್ರಿ."

"ಗೊತ್ತಿದ್ದೂ ತಂದಿ?"

"ಬಂದಿದ್ದು ಅದಽ ಐತ್ರಿ."

ಅಜ್ಜಿ ಎರಡೂ ಕಾಗದಗಳನ್ನು ಬಾಜು ಬಾಜು ಇಟ್ಟು ನೋಡಿದಳು. ನನ್ನ ಬಾಯಲ್ಲಿ ಐದಾರು ಒಳ್ಳೊಳ್ಳೆಯ ವಾದಗಳು ಸಿದ್ಧವಾಗಿದ್ದವು. ಅವನ್ನು ಆಡುವ ಮೊದಲೇ ಅಜ್ಜಿ ಒಳಮನೆಯ ಕಡೆ ಕತ್ತು ತಿರುಗಿಸಿ, ಅಲ್ಲಿರುವವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು: "ಮೂರು ಸೊಸ್ತ್ಯಾರು ಇಪ್ಪತ್ತೇಳು ಇಪ್ಪತ್ತೇಳು ಹೊತಗೊಂಡು ಬಂದ್ರು. ಕೆಟ್ಟದ್ದು ಏನರ ಆದ್ರ ಒಬ್ಬಾಕೀನೂ ನನ್ನ ಮುಂದ ತಂದು ಇಡಲಿಲ್ಲ. ಮುಚ್ಚಿ ಇಟ್ರು. ಇಕಿ ಇಟ್ಟಾಳ. ಇಕೀನಽ ಬರ್ಲಿ."

ಮಾಸ್ತರ ಕಂಬ ಹಿಡಿದುಕೊಂಡ. ಅಕ್ಕ ತಲೆ ತಗ್ಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗಂತೂ, ಇಲ್ಲಿಗೆ ಡಬ್ಬಿಯ ರಾಜ್ಯಭಾರ ಮುಗಿಯಿತು, ಇನ್ನು ಈ ಮನೆಯಲ್ಲಿ ವಿವೇಕ ಶುರುವಾಗುತ್ತದೆ ಎಂದು ಎದ್ದುನಿಂತು ಹೇಳಬೇಕೆನಿಸಿತು. ಅಷ್ಟರಲ್ಲಿ ಅಜ್ಜಿ ಕಾಕಾನ ಕಡೆ ತಿರುಗಿದಳು.

"ಮುಹೂರ್ತ ಮಾತ್ರ ಡಬ್ಬ್ಯಾಗಽ ತಗೀಬೇಕು, ನೋಡು. ಸಂಕ್ರಾಂತಿ ಆದಮ್ಯಾಲ. ಈ ಸಲ ಗಡಿಯಾರ ಬರೋಬ್ಬರಿ ಇಟ್ಟು ತಗಿ."

ಗಡಿಯಾರದ ಸಂಗತಿ ಆಕೆಗೆ ಹೇಗೆ ಗೊತ್ತಿತ್ತೋ, ಯಾವಾಗಿನಿಂದ ಗೊತ್ತಿತ್ತೋ ಕೇಳುವ ಹಾಗಿರಲಿಲ್ಲ. ಕಾಕಾ ನನ್ನನ್ನು ನೋಡಿದ. "ತಗೀತೇನ್ರಿ. ಆದ್ರ ಡಬ್ಬಿ ಅಲ್ಲೀತನಾ ತಡೀತೈತೋ ಇಲ್ಲೋ ಅನ್ನೂದು ಇಕೀಗಽ ಗೊತ್ತು. ರಿಪೇರಿ ಮಾಡಿಸಿದಾಕಿ ಇಕಿ."

ಅಜ್ಜಿ, ಮಾಸ್ತರ, ಕಾಕಾ ಎಲ್ಲರೂ ನನ್ನ ಕಡೆ ತಿರುಗಿದರು. ಅಕ್ಕ ಕೂಡ ಒದ್ದೆ ಕಣ್ಣೆತ್ತಿ ನೋಡಿದಳು. ಗುಜರಿಯಿಂದ ತೂಗಿ ತಂದ, ಎಂಟರಲ್ಲಿ ಆರಿಸಿದ ಎರಡು ಹಳೆಯ ಕಂಡೆನ್ಸರುಗಳು ಇನ್ನು ಎಷ್ಟು ದಿನ ಬಾಳುತ್ತವೆಂದು ಹೇಳಲು ನನ್ನ ಬಳಿ ಯಾವ ಲೆಕ್ಕವೂ ಇರಲಿಲ್ಲ.

"ತಡೀತೈತ್ರಿ," ಎಂದೆ.

ಆಧಾರವೇನೆಂದು ಯಾರೂ ಕೇಳಲಿಲ್ಲ.